ಯಜಮಾನನಿಲ್ಲದ ಟ್ರಾಫಿಕ್ ಜಾಮ್: ಇಬ್ಬರು ಹುಡುಗರು ಬರೆದ ನಿಯಮಗಳ ಒಂದು ಪ್ರಕರಣ ಅಧ್ಯಯನ

ಅಮೆರಿಕದ ಬಾಸ್ಟನ್ ಆಸುಪಾಸಿನ ಹೈಸ್ಕೂಲಿನ ಇಬ್ಬರು ಹುಡುಗರು. ಆಗಷ್ಟೇ ಡ್ರೈವಿಂಗ್ ಕಲಿಯಲು ಸೇರಿದ್ದರು, ತಲೆಯಲ್ಲಿ ಕಾರು ಬಿಟ್ಟರೆ ಬೇರೆ ಇರಲಿಲ್ಲ. 1990ರ ದಶಕದ ಆರಂಭದ ಮಾತಿದು. ಮಿಚೆಲ್ ರೆಸ್ನಿಕ್ ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾ ಸ್ಟಾರ್‌ಲೋಗೋ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಕಟ್ಟಿದ್ದರು. ಅದನ್ನು ಹಿಡಿದು ಹೈಸ್ಕೂಲು ಮಕ್ಕಳ ಜೊತೆ ಕೂತು, ಮಕ್ಕಳು ಹೇಗೆ ಯೋಚಿಸುತ್ತಾರೆ, ಆ ಯೋಚನೆ ಎಲ್ಲಿ ತಿರುಗುತ್ತದೆ ಎಂದು ನೋಡುತ್ತಿದ್ದರು. ಈ ಇಬ್ಬರು ಹುಡುಗರು ಆರಿಸಿಕೊಂಡ ವಿಷಯ ಟ್ರಾಫಿಕ್ ಜಾಮ್.

ರೆಸ್ನಿಕ್ ಅದನ್ನೆಲ್ಲ ಬರೆದಿಟ್ಟು 1994ರಲ್ಲಿ ಪುಸ್ತಕವಾಗಿ ತಂದರು. ಶಿಕ್ಷಣದಲ್ಲಿ ಸಿಮ್ಯುಲೇಷನ್ (ನಿಜದ ಸಂಗತಿಯೊಂದನ್ನು ನಿಯಮಗಳಾಗಿಸಿ ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು) ಬಳಕೆಯ ಬಗ್ಗೆ ನಾನು ಓದಿದ್ದರಲ್ಲಿ ಮತ್ತೆ ಮತ್ತೆ ತಿರುಗಿ ನೋಡುವುದು ಈ ಒಂದು ಪ್ರಸಂಗವನ್ನು. ಎರಡು ಮೂರು ಸಾಲಿನ ನಿಯಮ, ಒಂದು ತಪ್ಪಾದ ಊಹೆ, ತಪ್ಪಾದ ಮೇಲೂ ಬಿಡದೆ ಹುಡುಕಿದ ಇಬ್ಬರು ಮಕ್ಕಳು. ಇಷ್ಟೇ ಇರುವುದು. ಆದರೆ ಕಂಪ್ಯೂಟರಿನಿಂದ ಮಕ್ಕಳ ಯೋಚನೆಯ ರೀತಿ ಬದಲಾಗುತ್ತದೆಯೇ, ಬದಲಾದರೆ ಯಾವ ಗಳಿಗೆಯಲ್ಲಿ, ಯಾವುದರಿಂದ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಿನ್ನೆಲೆ

1967ರಲ್ಲಿ ವಾಲಿ ಫರ್ಜೈಗ್, ಸೈಮರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದರು. ನಮ್ಮಲ್ಲೂ ಎಷ್ಟೋ ಜನ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಅದರ ಪರದೆಯ ಮೇಲಿನ ತ್ರಿಕೋನದ ಆಮೆಯನ್ನು ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ ಎಂದು ನಡೆಸಿ ಚೌಕ ಬಿಡಿಸಿದವರೇ. ಪ್ಯಾಪರ್ಟ್ ಅದಕ್ಕೂ ಮುಂಚೆ ಜಿನೀವಾದಲ್ಲಿ ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಜೀನ್ ಪಿಯಾಜೆ ಜೊತೆ ಕೆಲಸ ಮಾಡಿ ಬಂದವರು. ಮಗು ತನ್ನ ಕೈಯಾರೆ ಕಟ್ಟುತ್ತಾ ಕಲಿಯುತ್ತದೆ ಎಂಬುದು ಅವರ ನಂಬಿಕೆ. ಆಮೆಗೆ ದಾರಿ ಹೇಳುವಾಗ ಮಗು ತಾನೇ ಆಮೆಯಾಗುತ್ತದೆ. ಎದ್ದು ನಿಂತು ತಿರುಗಿ, ನಡೆದು ನೋಡಿ, ಆಮೇಲೆ ಆಜ್ಞೆ ಬರೆಯುತ್ತದೆ.

ಪ್ಯಾಪರ್ಟರ ಶಿಷ್ಯ ರೆಸ್ನಿಕ್ ಕೇಳಿಕೊಂಡ ಪ್ರಶ್ನೆ: ಆಮೆ ಒಂದೇ ಯಾಕಿರಬೇಕು? ಸ್ಟಾರ್‌ಲೋಗೋದಲ್ಲಿ ಆಮೆಗಳು ಸಾವಿರಾರು. ಒಂದೊಂದಕ್ಕೂ ಒಂದೇ ನಿಯಮ, ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಯಾವ ಆಮೆಗೂ ಇಡೀ ಪರದೆ ಕಾಣದು, ತನ್ನ ಅಕ್ಕಪಕ್ಕ ಇರುವುದಷ್ಟೇ ಗೊತ್ತು. ಇಂಥ ಪುಟ್ಟ ಪಾತ್ರಗಳನ್ನೇ ಕಂಪ್ಯೂಟರ್ ಲೋಕದಲ್ಲಿ ಏಜೆಂಟ್ ಎನ್ನುತ್ತಾರೆ. ಏಜೆಂಟ್ ಆಮೆಯಾಗಬಹುದು, ಇರುವೆಯಾಗಬಹುದು, ಅನಿಲದ ಅಣುವಾಗಬಹುದು, ಕಾರಾಗಬಹುದು. ಅಷ್ಟೊಂದು ಆಮೆಗಳನ್ನು ಒಮ್ಮೆಲೇ ನಡೆಸಲು ಆಗಿನ ಸಾಮಾನ್ಯ ಕಂಪ್ಯೂಟರಿಗೆ ಕಷ್ಟ. ಹಾಗಾಗಿ ಮೊದಲ ಸ್ಟಾರ್‌ಲೋಗೋ ಓಡಿದ್ದು ಕನೆಕ್ಷನ್ ಮೆಷಿನ್ ಎಂಬ ದೈತ್ಯ ಯಂತ್ರದ ಮೇಲೆ. ಆ ಯಂತ್ರದಲ್ಲಿ 65,536ರವರೆಗೆ ಪುಟ್ಟ ಪ್ರೊಸೆಸರ್‌ಗಳನ್ನು ಕೂಡಿಸಬಹುದಿತ್ತು. ಮುಂದೆ ಅದೇ ಭಾಷೆ ಮೇಜಿನ ಮೇಲಿನ ಕಂಪ್ಯೂಟರಿಗೂ ಇಳಿಯಿತು.

ಹುಡುಗರು ಬರೆದದ್ದು

ಒಂದೇ ಲೇನಿನ ರಸ್ತೆ, ಎಲ್ಲ ಕಾರುಗಳೂ ಒಂದೇ ದಿಕ್ಕಿಗೆ. ಪರದೆಯ ಬಲಕ್ಕೆ ಹೊರಟ ಕಾರು ಎಡದಿಂದ ಮತ್ತೆ ಒಳಬರುತ್ತದೆ, ಅಂದರೆ ರಸ್ತೆ ಉಂಗುರದಂತೆ. ಪ್ರತಿ ಕಾರಿಗೆ ಮೂರು ನಿಯಮ. ಎದುರಿಗೆ ಹತ್ತಿರದಲ್ಲಿ ಕಾರಿದ್ದರೆ ವೇಗ ಇಳಿಸು. ಇಲ್ಲದಿದ್ದರೆ ಮಿತಿ ಮುಟ್ಟುವವರೆಗೆ ವೇಗ ಏರಿಸು. ಪೊಲೀಸರ ರಾಡಾರ್ ಇರುವುದು ಗೊತ್ತಾದರೆ ವೇಗ ಇಳಿಸು.

ಮೂರನೆಯ ನಿಯಮವನ್ನು ಹುಡುಗರೇ ಸೇರಿಸಿದ್ದು. ಜಾಮ್ ಆಗಬೇಕಾದರೆ ಏನಾದರೊಂದು ಅದನ್ನು ಆಗಿಸಬೇಕಲ್ಲ, ಅದಕ್ಕೆ ರಸ್ತೆಬದಿಯಲ್ಲಿ ವೇಗ ಹಿಡಿಯುವ ರಾಡಾರ್ ಇಟ್ಟರು. ಪ್ರೋಗ್ರಾಂ ಓಡಿಸಿದಾಗ ಅಂದುಕೊಂಡಂತೆಯೇ ಆಯಿತು. ರಾಡಾರಿನ ಹಿಂದೆ ಕಾರುಗಳು ಸಾಲುಗಟ್ಟಿದವು, ತೆವಳಿಕೊಂಡು ದಾಟಿದವು, ದಾಟಿದ್ದೇ ಓಟ ಕಿತ್ತವು. ಒಂದು ಕಾರು ನಿಧಾನ ಮಾಡುತ್ತದೆ, ಅದರಿಂದ ಅದರ ಹಿಂದಿನದು, ಅದರಿಂದ ಅದರ ಹಿಂದಿನದು. ಹುಡುಗರ ವಿವರಣೆಯೂ ಸರಿಯಾಗಿತ್ತು. ಇಲ್ಲಿಯವರೆಗೆ ಯಾರ ಯೋಚನೆಯೂ ಅಲುಗಾಡಿಲ್ಲ. ಗೊತ್ತಿದ್ದದ್ದನ್ನು ಕಂಪ್ಯೂಟರ್ ಚಿತ್ರ ಬಿಡಿಸಿ ತೋರಿಸಿತು, ಅಷ್ಟೆ. ನಮ್ಮ ಶಾಲೆಗಳಿಗೆ ಬರುವ ಬಹುಪಾಲು ಶೈಕ್ಷಣಿಕ ಅನಿಮೇಷನ್‌ಗಳು ನಿಲ್ಲುವುದು ಇದೇ ಜಾಗದಲ್ಲಿ ಎಂಬುದು ನನ್ನ ದೂರು.

ರೆಸ್ನಿಕ್ ಇನ್ನೊಂದು ಪ್ರಶ್ನೆ ಕೇಳಿದರು. ರಾಡಾರನ್ನೇ ತೆಗೆದುಹಾಕಿದರೆ?

ಇಬ್ಬರೂ ತಡವರಿಸಲಿಲ್ಲ. ರಾಡಾರ್ ಇಲ್ಲದಿದ್ದರೆ ಜಾಮ್ ಇಲ್ಲ, ಕಾರುಗಳು ಸಮವಾಗಿ ಹರಡಿಕೊಂಡು ಒಂದೇ ವೇಗದಲ್ಲಿ ಸಾಗುತ್ತವೆ ಎಂದರು. ನೀವು ಊಹಿಸಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದಿರಿ, ನಾನಂತೂ ಅದನ್ನೇ ಹೇಳಿದ್ದೆ. ರಾಡಾರ್ ತೆಗೆದು ಓಡಿಸಿದರು. ಜಾಮ್ ಆಯಿತು. ರಸ್ತೆಯ ಒಂದು ಕಡೆ ಕಾರುಗಳು ಒತ್ತೊತ್ತಾಗಿ ನಿಂತು ತೆವಳುತ್ತಿವೆ, ಇನ್ನೊಂದು ಕಡೆ ಖಾಲಿ ರಸ್ತೆಯಲ್ಲಿ ಮಿತಿ ಮುಟ್ಟಿ ಓಡುತ್ತಿವೆ. ಅಪಘಾತವಿಲ್ಲ, ಸಿಗ್ನಲ್ ಇಲ್ಲ, ಕೆಟ್ಟು ನಿಂತ ಲಾರಿಯಿಲ್ಲ. ಅದರ ಮೇಲೆ ಇನ್ನೊಂದು ವಿಚಿತ್ರ: ಜಾಮ್ ಇದ್ದಲ್ಲೇ ಇರಲಿಲ್ಲ. ಕಾರುಗಳೆಲ್ಲ ಮುಂದೆ ಹೋಗುತ್ತಿದ್ದರೆ ಜಾಮ್ ಮಾತ್ರ ಹಿಂದಕ್ಕೆ ಸರಿಯುತ್ತಿತ್ತು.

ಹಿಂದಕ್ಕೆ ಸರಿಯುವ ಜಾಮ್, ಕೈಯಾರೆ

ಹಿಂದಕ್ಕೆ ಹೋಗುವುದು ಹೇಗೆ ಎಂದು ಓದಿ ಒಪ್ಪಿಕೊಳ್ಳುವುದು ಬೇರೆ, ಕಂಡು ನಂಬುವುದು ಬೇರೆ. ಕಂಪ್ಯೂಟರ್ ಇಲ್ಲದವರಿಗೂ ಇದು ಸಾಧ್ಯ. ನಾನು ಮಾಡಿ ನೋಡಿದ್ದು ಅಟ್ಟದಿಂದ ಇಳಿಸಿದ ಅಳಗುಳಿಮಣೆಯ ಮೇಲೆ (ಕರಾವಳಿಯವರಿಗೆ ಚೆನ್ನೆಮಣೆ). ಎರಡು ಸಾಲು, ಸಾಲಿಗೆ ಏಳು ಕುಳಿ, ಒಟ್ಟು 14. ಸುತ್ತಿಬಂದರೆ ಅದೇ ಉಂಗುರದ ರಸ್ತೆ. ಒಂದು ಕುಳಿಗೆ ಒಂದೇ ಹುಣಸೆಬೀಜ, ಅದೇ ಕಾರು. ನಿಯಮವೂ ಒಂದೇ: ಮುಂದಿನ ಕುಳಿ ಖಾಲಿಯಿದ್ದರೆ ಒಂದು ಕುಳಿ ಮುಂದೆ ಹೋಗು, ಇಲ್ಲದಿದ್ದರೆ ನಿಲ್ಲು. ಒಂದು ಎಚ್ಚರಿಕೆ ಬೇಕು. ಎಲ್ಲ ಕಾಯಿಗಳೂ ಒಟ್ಟಿಗೆ ನಡೆಯಬೇಕು. ಮೊದಲು ಯಾವ್ಯಾವುದರ ಮುಂದೆ ಖಾಲಿಯಿದೆ ಎಂದು ನೋಡಿಕೊಂಡು ಆಮೇಲೆ ಅಷ್ಟನ್ನೂ ಸರಿಸಬೇಕು. ಒಂದನ್ನು ಸರಿಸಿ, ಅದು ಬಿಟ್ಟ ಜಾಗಕ್ಕೆ ಅದೇ ಸುತ್ತಿನಲ್ಲಿ ಹಿಂದಿನದನ್ನು ತಂದರೆ ಆಟ ಕೆಡುತ್ತದೆ.

ಎಂಟು ಕಾಯಿಗಳನ್ನು 1, 2, 3, 5, 7, 9, 11, 13ನೇ ಕುಳಿಗಳಲ್ಲಿ ಇಡಿ. ಮೊದಲ ಮೂರು ಅಂಟಿಕೊಂಡಿವೆ, ಅದೇ ಜಾಮ್. ಈಗ ನಡೆಸಿ. ಒಂದು ಮತ್ತು ಎರಡನೇ ಕುಳಿಯವಕ್ಕೆ ಮುಂದೆ ಜಾಗವಿಲ್ಲ, ನಿಲ್ಲುತ್ತವೆ. ಮೂರರದು ನಾಲ್ಕಕ್ಕೆ ಹೋಗಿ ಬಿಡುಗಡೆಯಾಯಿತು. ಉಳಿದವೂ ಒಂದೊಂದು ಕುಳಿ ಮುಂದಾದವು, ಹದಿಮೂರರದು ಹದಿನಾಲ್ಕಕ್ಕೆ ಬಂದು ಸಾಲಿನ ಬಾಲಕ್ಕೆ ಸೇರಿಕೊಂಡಿತು. ಈಗ ಅಂಟಿಕೊಂಡಿರುವುದು 14, 1, 2. ಇನ್ನೊಮ್ಮೆ ನಡೆಸಿದರೆ 13, 14, 1. ಮತ್ತೊಮ್ಮೆ ನಡೆಸಿದರೆ 12, 13, 14. ಒಂದು ಕಾಯಿಯೂ ಹಿಂದಕ್ಕೆ ಹೋಗಲಿಲ್ಲ, ಜಾಮ್ ಮಾತ್ರ ಪ್ರತಿ ಸುತ್ತಿಗೂ ಒಂದು ಕುಳಿ ಹಿಂದಕ್ಕೆ ಹೋಯಿತು. ಹದಿನಾಲ್ಕು ಸುತ್ತಿಗೆ ಅದು ಮಣೆಯನ್ನೆಲ್ಲ ಬಳಸಿ ಮತ್ತೆ 1, 2, 3ಕ್ಕೆ ಬರುತ್ತದೆ. ಆದರೆ ಆಗ ಅದರಲ್ಲಿ ಸಿಕ್ಕಿಕೊಂಡಿರುವ ಮೂರು ಕಾಯಿಗಳಲ್ಲಿ ಎರಡು ಮೊದಲಿನವಲ್ಲ. ಒಂದು ಹುಣಸೆಬೀಜದ ಬದಲು ಕೆಂಪು ಗುಲಗಂಜಿ ಇಟ್ಟು ಅದನ್ನಷ್ಟೇ ಗಮನಿಸಿದರೆ ಚಾಲಕನ ಅನುಭವ ಗೊತ್ತಾಗುತ್ತದೆ: ಓಡುತ್ತದೆ, ನಿಲ್ಲುತ್ತದೆ, ಕಾಯುತ್ತದೆ, ಬಿಡಿಸಿಕೊಂಡು ಮತ್ತೆ ಓಡುತ್ತದೆ. ಗುಲಗಂಜಿಯ ಪಾಲಿಗೆ ಜಾಮ್ ಎಂಬುದು ದಾರಿಯಲ್ಲಿ ಎದುರಾದ ಕೆಟ್ಟ ಗಳಿಗೆ. ಮೇಲಿನಿಂದ ನೋಡುವವರ ಪಾಲಿಗೆ ಅದು ತನ್ನದೇ ನಡಿಗೆಯಿರುವ ಬೇರೊಂದು ವಸ್ತು. ನದಿಯ ಸುಳಿಯಲ್ಲಿ ನೀರು ನಿಮಿಷ ನಿಮಿಷಕ್ಕೂ ಬೇರೆ, ಸುಳಿ ಅದೇ.

ಹುಡುಗರ ಪರದೆಯ ಮೇಲೆ ಆದದ್ದೂ ಇದೇ. ಮುಂದಿನಿಂದ ಕಾರುಗಳು ಕಳಚಿಕೊಳ್ಳುತ್ತವೆ, ಹಿಂದಿನಿಂದ ಕೂಡಿಕೊಳ್ಳುತ್ತವೆ. ಎಲ್ಲ ಕಾರುಗಳನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಅಂತರದಲ್ಲಿ, ಸಮ ವೇಗದಲ್ಲಿ ಬಿಟ್ಟರೆ ಅವು ಹಾಗೆಯೇ ಸಾಗುತ್ತವೆ. ಅಲ್ಲೊಂದು ಇಲ್ಲೊಂದು ಹೆಚ್ಚುಕಡಿಮೆಯಾದರೆ ಸಾಕು, ದಟ್ಟಣೆಯ ರಸ್ತೆಯಲ್ಲಿ ಅದೇ ಬೆಳೆದು ಜಾಮ್ ಆಗುತ್ತದೆ.

ಇದು ಪರದೆಯ ಮೇಲಿನ ಮಾಯೆಯೋ ಎಂಬ ಅನುಮಾನ ಬರುವುದು ಸಹಜ. 2008ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು ಇದನ್ನು ನೆಲದ ಮೇಲೆಯೇ ಮಾಡಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವರ್ತುಲ, 22 ಕಾರು. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಮನಾಗಿ ಸಾಗಿ ಎಂದಷ್ಟೇ ಚಾಲಕರಿಗೆ ಹೇಳಿದ್ದರು. ಸ್ವಲ್ಪ ಹೊತ್ತು ಸರಿಯಾಗಿ ಸಾಗಿತು. ಆಮೇಲೆ ಒಂದು ಕಡೆ ಕಾರುಗಳು ಗುಂಪಾಗತೊಡಗಿ, ನಿಂತು ನಿಂತು ಹೊರಡುವಂತಾಯಿತು. ಆ ಗುಂಪು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯಿತು.

ಯಜಮಾನನ ಹುಡುಕಾಟ

ಜಾಮ್ ಕಂಡ ಹುಡುಗರು ಮೊದಲು ಮಾಡಿದ್ದು ಕಾರಣದ ಹುಡುಕಾಟ. ಕಾರುಗಳು ಶುರುವಿನಲ್ಲೇ ಅಸಮವಾಗಿ ಇದ್ದವೇನೋ, ಅದಕ್ಕೇ ಹೀಗಾಯಿತೇನೋ ಎಂಬ ದಿಕ್ಕಿನಲ್ಲಿ ಅವರ ಮಾತು ಸಾಗಿತು. ಬೇರೆ ಮಕ್ಕಳಿಗೆ ತೋರಿಸಿದಾಗ ಅವರಿಗೂ ಅದೇ ಅಚ್ಚರಿ, ಅದೇ ಹುಡುಕಾಟ. ಏನೋ ಒಂದು ಇರಲೇಬೇಕು.

ರೆಸ್ನಿಕ್ ಇದನ್ನು ಕೇಂದ್ರೀಕೃತ ಮನೋಭಾವ ಎಂದು ಕರೆದರು. ಕ್ರಮವಾಗಿ ಕಾಣುವ ಯಾವುದನ್ನು ನೋಡಿದರೂ ನಾವು ಎರಡರಲ್ಲಿ ಒಂದನ್ನು ಹುಡುಕುತ್ತೇವೆ ಎಂಬುದು ಅವರ ಗ್ರಹಿಕೆ. ಒಂದು ನಾಯಕ: ಆಕಾಶದಲ್ಲಿ ಬಾಣದಂತೆ ಹಾರುವ ಹಕ್ಕಿಗಳಿಗೆ ಮುಂದಾಳು ಇರಬೇಕು, ಇರುವೆಗೂಡಿನ ರಾಣಿ ಅಪ್ಪಣೆ ಕೊಡುತ್ತಿರಬೇಕು. ಇನ್ನೊಂದನ್ನು ಅವರು ಬೀಜ ಎಂದರು, ನನಗೆ ಹೊಳೆಯುವ ಕನ್ನಡ ಹೆಪ್ಪು. ಹೆಪ್ಪು ಬೀಳದೆ ಹಾಲು ಮೊಸರಾಗದು, ಅಪಘಾತವೋ ರಾಡಾರೋ ಇಲ್ಲದೆ ಜಾಮ್ ಆಗದು. ಸುತ್ತಲಿನ ಸಣ್ಣ ಸಣ್ಣ ವ್ಯವಹಾರಗಳಿಂದಲೇ ದೊಡ್ಡದೊಂದು ತಾನಾಗಿ ಮೂಡಬಹುದು ಎಂಬುದು ಮನಸ್ಸಿಗೆ ಸುಲಭವಾಗಿ ಹೊಳೆಯುವುದಿಲ್ಲ.

ಈ ಅಭ್ಯಾಸ ಮಕ್ಕಳದ್ದಷ್ಟೇ ಎಂದುಕೊಂಡರೆ ತಪ್ಪು. ಡಿಕ್ಟಿಯೊಸ್ಟೀಲಿಯಮ್ ಎಂಬ ಸ್ಲೈಮ್ ಮೋಲ್ಡ್ ಜೀವಿ ಇದೆ. ಆಹಾರ ಇರುವಷ್ಟು ದಿನ ಅದರ ಜೀವಕೋಶಗಳು ಬಿಡಿಬಿಡಿಯಾಗಿ ಬದುಕುತ್ತವೆ, ಆಹಾರ ಮುಗಿದಾಗ ಸಾವಿರಾರು ಕೋಶಗಳು ಒಂದೆಡೆ ಕೂಡಿ ಒಂದೇ ದೇಹವಾಗುತ್ತವೆ. ಉಳಿದವನ್ನು ಕರೆಯುವ ವಿಶೇಷ ಕೋಶಗಳು ಇರಬೇಕೆಂದು ಜೀವವಿಜ್ಞಾನಿಗಳು ನಂಬಿದ್ದರು. 1970ರಲ್ಲಿ ಎವಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೆಗೆಲ್ ಒಂದು ಗಣಿತದ ಮಾದರಿ ಕೊಟ್ಟರು. ಎಲ್ಲ ಕೋಶಗಳೂ ಒಂದೇ ತೆರನಾಗಿದ್ದು, ತಮ್ಮಿಂದ ಸೂಸಿದ ರಾಸಾಯನಿಕ ಹೆಚ್ಚಿರುವ ಕಡೆಗೆ ಸರಿಯುತ್ತಾ ಹೋದರೂ ಕೂಡಿಕೆ ಆಗಿಯೇ ತೀರುತ್ತದೆ ಎಂದು ಅದರಿಂದ ಗೊತ್ತಾಯಿತು. ಆದರೂ ಮುಖಂಡ ಕೋಶದ ಕಲ್ಪನೆ ಸುಲಭಕ್ಕೆ ಬಿಟ್ಟುಹೋಗಲಿಲ್ಲ. ಆ ಹಿಡಿತ ಯಾಕಷ್ಟು ಗಟ್ಟಿ ಎಂಬುದನ್ನೇ ಕೆಲ್ಲರ್ ಮುಂದೆ ಪ್ರತ್ಯೇಕವಾಗಿ ಬರೆದರು.

ರೆಸ್ನಿಕ್ ಅವರಿಗೇ ಆದ ಅನುಭವವೂ ಅವರ ಬರಹದಲ್ಲಿದೆ, ಗೆದ್ದಲಿನ ಮಾದರಿಯಲ್ಲಿ. ಮೈದಾನದ ತುಂಬ ಮರದ ಚೂರುಗಳು ಚೆದುರಿವೆ. ಗೆದ್ದಲು ಸುಮ್ಮನೆ ಅಲೆಯುತ್ತದೆ. ಬರಿಗೈಯಲ್ಲಿದ್ದಾಗ ಚೂರು ಸಿಕ್ಕರೆ ಎತ್ತಿಕೊಳ್ಳುತ್ತದೆ. ಹೊತ್ತುಕೊಂಡಿರುವಾಗ ಇನ್ನೊಂದು ಚೂರು ಸಿಕ್ಕರೆ ತನ್ನದನ್ನು ಅದರ ಪಕ್ಕ ಇಳಿಸುತ್ತದೆ. ಇಷ್ಟರಿಂದ ಗುಡ್ಡೆಯಾಗುವುದುಂಟೇ, ಇಟ್ಟಷ್ಟೇ ತೆಗೆಯುತ್ತಲೂ ಇರುತ್ತವಲ್ಲ? ಆದರೆ ಗುಡ್ಡೆಗಳಾಗುತ್ತವೆ. ಕಾರಣ ಸರಳ. ಚೂರು ಇರುವಲ್ಲಿ ಮಾತ್ರ ಇನ್ನೊಂದನ್ನು ಇಳಿಸುವುದರಿಂದ ಹೊಸ ಗುಡ್ಡೆ ಶುರುವಾಗಲು ದಾರಿಯಿಲ್ಲ. ಒಂದು ಗುಡ್ಡೆ ಪೂರ್ತಿ ಖಾಲಿಯಾಯಿತೆಂದರೆ ಅದು ಮತ್ತೆ ಏಳುವುದಿಲ್ಲ. ಗುಡ್ಡೆಗಳ ಸಂಖ್ಯೆ ಇಳಿಯಬಹುದೇ ಹೊರತು ಏರಲಾರದು. ಗದ್ದೆಯ ಬದುವಿನ ಹುತ್ತಗಳನ್ನು ನೋಡುತ್ತಾ ಬೆಳೆದ ನಮ್ಮಂಥವರಿಗೆ, ನಿಜವಾದ ಹುತ್ತ ಇದಕ್ಕಿಂತ ಎಷ್ಟೋ ಪಟ್ಟು ಸೋಜಿಗದ್ದು ಎಂಬುದು ಗೊತ್ತು. ಆದರೂ ಮೇಸ್ತ್ರಿಯಿಲ್ಲದೆ ಮನೆ ಏಳುವ ಬಗೆ ಯೋಚನೆಗೆ ಸಿಗುವಂತಾಗುವುದು ಈ ಎರಡು ನಿಯಮಗಳಿಂದಲೇ.

ಬದಲಾವಣೆ ಆದದ್ದು ಎಲ್ಲಿ

ಪ್ರಕರಣದ ತಿರುಳಿಗೆ ಬರುತ್ತೇನೆ. ಜಾಮ್ ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಒಂದು ವಿಡಿಯೋ ತೋರಿಸಿ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದಿತ್ತು. ಮಕ್ಕಳು ತಲೆಯಾಡಿಸುತ್ತಿದ್ದರು, ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಈ ಹುಡುಗರ ವಿಷಯದಲ್ಲಿ ಮೂರು ಸಂಗತಿ ಕೂಡಿಬಂದವು. ನಿಯಮ ಬರೆದದ್ದು ಅವರೇ, ಹಾಗಾಗಿ ಒಳಗೆ ಏನೋ ಮೋಸವಿದೆ ಎನ್ನಲು ಬರುವಂತಿರಲಿಲ್ಲ. ಕಾರಿಗೆ ನಿಯಮ ಬರೆಯುವಾಗ ತಾವೇ ಸ್ಟೀರಿಂಗ್ ಹಿಡಿದಂತೆ ಯೋಚಿಸಿದ್ದರು, ಪ್ಯಾಪರ್ಟರ ಆಮೆಯಂತೆ. ಮತ್ತು ಓಡಿಸುವ ಮೊದಲು ಊಹೆಯನ್ನು ಬಾಯಿಬಿಟ್ಟು ಹೇಳಿದ್ದರು.

ಮೂರರಲ್ಲಿ ನಾನು ಹೆಚ್ಚು ತೂಕ ಕೊಡುವುದು ಕೊನೆಯದಕ್ಕೆ. ಊಹೆ ಹೇಳದೆ ಗುಂಡಿ ಒತ್ತಿದ್ದರೆ ಜಾಮ್ ಕಂಡ ಮೇಲೆ ಇಬ್ಬರೂ ಹೌದು, ಹೀಗೇ ಆಗಬೇಕಿತ್ತು ಎನ್ನುತ್ತಿದ್ದರು. ಮನಸ್ಸು ಹಾಗೆಯೇ, ಕಂಡದ್ದನ್ನೆಲ್ಲ ಮೊದಲೇ ಗೊತ್ತಿದ್ದಂತೆ ಜೋಡಿಸಿಕೊಂಡುಬಿಡುತ್ತದೆ. ಆಡಿದ ಮಾತು ಎದುರಿಗೆ ನಿಂತಿರುವಾಗ ಅದು ಸಾಧ್ಯವಿಲ್ಲ. ಆಗ ಉಳಿಯುವುದು ಎರಡೇ ದಾರಿ: ಪ್ರೋಗ್ರಾಮಿನಲ್ಲಿ ತಪ್ಪಿದೆ, ಇಲ್ಲವೇ ನನ್ನ ಯೋಚನೆಯಲ್ಲಿ ತಪ್ಪಿದೆ. ಎರಡನ್ನೂ ಪರೀಕ್ಷಿಸಿಯೇ ಮುಂದೆ ಹೋಗಬೇಕು.

ಇದೇ ಬಗೆಯ ಇನ್ನೊಂದು ಸಂದರ್ಭವನ್ನು ರೆಸ್ನಿಕ್‌ರ ಜೊತೆ ಕೆಲಸ ಮಾಡಿದ ಯೂರಿ ವಿಲೆನ್ಸ್ಕಿ ದಾಖಲಿಸಿದ್ದಾರೆ. ಅಲ್ಲಿ ಬೆರಗಾದವರು ಒಬ್ಬ ಭೌತವಿಜ್ಞಾನದ ಮೇಷ್ಟ್ರು. ಡಬ್ಬಿಯೊಳಗಿನ ಅನಿಲದ ಕಣಗಳನ್ನು ಅವರು ಏಜೆಂಟ್‌ಗಳಾಗಿ ಮಾಡಿ, ಎಲ್ಲಕ್ಕೂ ಒಂದೇ ತೂಕ, ಒಂದೇ ವೇಗ ಕೊಟ್ಟು ಬಿಟ್ಟರು. ನಿಧಾನದ ಕಣಕ್ಕೆ ನೀಲಿ ಬಣ್ಣ, ನಡುವಿನದಕ್ಕೆ ಹಸಿರು, ವೇಗದ್ದಕ್ಕೆ ಕೆಂಪು. ಡಿಕ್ಕಿಗಳಾಗುತ್ತಾ ಹೋದಂತೆ ಕೆಂಪಿಗಿಂತ ನೀಲಿ ಹೆಚ್ಚಾಯಿತು, ಸರಾಸರಿ ವೇಗವೂ ಇಳಿಯಿತು. ಶಕ್ತಿ ಉಳಿಯಬೇಕಲ್ಲ, ವೇಗ ಇಳಿಯುವುದು ಹೇಗೆ? ಅವರ ಮೊದಲ ಅನುಮಾನ ಪ್ರೋಗ್ರಾಮಿನ ಮೇಲೆಯೇ. ಹುಡುಕಿದಾಗ ಪ್ರೋಗ್ರಾಂ ಸರಿಯಾಗಿತ್ತು. ಶಕ್ತಿ ನಿಂತಿರುವುದು ವೇಗದ ವರ್ಗದ ಮೇಲೆ. ಒಂದು ಕಣ ಬಹಳ ವೇಗ ಪಡೆದರೆ ಅದರ ಲೆಕ್ಕ ಸರಿದೂಗಿಸಲು ಹಲವು ಕಣಗಳು ನಿಧಾನವಾಗಬೇಕು. ಎರಡು ಆಯಾಮದ ಡಬ್ಬಿಯಲ್ಲಿ ಎಲ್ಲ ಕಣಗಳೂ 10ರ ವೇಗದಲ್ಲಿ ಹೊರಟರೆ ಕೊನೆಗೆ ಸರಾಸರಿ ನಿಲ್ಲುವುದು ಸುಮಾರು 8.9ಕ್ಕೆ. ಸೂತ್ರ ಕಲಿಸುವ ಮೇಷ್ಟ್ರಿಗೇ ಆ ಸೂತ್ರ ಕಣ್ಣಿಗೆ ಕಂಡದ್ದು ಆಗ.

ಎಚ್ಚರ ಬೇಕಾದ ಕಡೆ

ರೆಸ್ನಿಕ್‌ರ ಕೆಲಸ ಕೆಲವೇ ಮಕ್ಕಳ ಪಕ್ಕದಲ್ಲಿ ಕೂತು ನೋಡಿ ಬರೆದದ್ದು. ಎರಡು ಗುಂಪು ಮಾಡಿ ಅಂಕ ಹೋಲಿಸಿದ ಪರೀಕ್ಷೆ ಅದಲ್ಲ. ಹಾಗಾಗಿ ಇದರಿಂದ ಎಲ್ಲ ಮಕ್ಕಳ ಯೋಚನೆಯೂ ತಿದ್ದಿಬಿಡುತ್ತದೆ ಎಂದು ಹೇಳಿಕೊಂಡು ಯಾರಾದರೂ ಸಾಫ್ಟ್‌ವೇರ್ ಮಾರಲು ಬಂದರೆ ನಂಬಬೇಡಿ.

ಸಿಮ್ಯುಲೇಷನ್ ಯೋಚನೆಯನ್ನು ಕೆಡಿಸುವುದೂ ಉಂಟು. ಎಂಐಟಿಯಲ್ಲೇ ಇದ್ದ ಸಮಾಜವಿಜ್ಞಾನಿ ಶೆರಿ ಟರ್ಕಲ್ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟದಲ್ಲಿ ಮುಳುಗಿದ್ದ ಒಬ್ಬ ಹುಡುಗಿಯ ಬಗ್ಗೆ ಬರೆದಿದ್ದಾರೆ. ತೆರಿಗೆ ಹೆಚ್ಚಿಸಿದರೆ ಯಾವಾಗಲೂ ದಂಗೆಯಾಗುತ್ತದೆ ಎಂಬುದು ಆಕೆ ಆಟದಿಂದ ಕಲಿತ ನಿಯಮಗಳಲ್ಲೊಂದು. ಆಟ ಹಾಗೆ ವರ್ತಿಸಲು ಕಾರಣ ಅದನ್ನು ಬರೆದವರು ಇಟ್ಟ ಲೆಕ್ಕ. ಬೇರೆ ಲೆಕ್ಕ ಇಟ್ಟಿದ್ದರೆ ಬೇರೆ ಊರು ಏಳುತ್ತಿತ್ತು. ಆಡುವ ಮಗುವಿಗೆ ಆ ಲೆಕ್ಕ ಕಾಣದು, ತಿದ್ದಲು ಬಾರದು. ನಮ್ಮ ಹುಡುಗರಿಗೂ ಆ ಹುಡುಗಿಗೂ ಇರುವ ವ್ಯತ್ಯಾಸ ಇದೊಂದೇ, ಆದರೆ ಇದು ಸಣ್ಣದಲ್ಲ. ಮುಚ್ಚಿದ ಪೆಟ್ಟಿಗೆಯ ಸಿಮ್ಯುಲೇಷನ್ ಮಗುವಿನ ಯೋಚನೆಯನ್ನು ರೂಪಿಸುತ್ತದೆ ನಿಜ. ರೂಪಿಸುವುದು ಬರೆದವರ ಅಚ್ಚಿನಲ್ಲಿ.

ಇನ್ನೊಂದು ಅಪಾಯ ನನ್ನನ್ನು ಹೆಚ್ಚು ಕಾಡುತ್ತದೆ. ನಾಯಕನೂ ಇಲ್ಲ, ಹೆಪ್ಪೂ ಇಲ್ಲ, ಎಲ್ಲ ತಾನಾಗಿ ಆಗುತ್ತದೆ ಎಂಬ ಹೊಸ ಪಾಠ ಮಗುವಿಗೆ ಹಿಡಿಸಿಬಿಟ್ಟರೆ? ಬೆಂಗಳೂರಿನ ಔಟರ್ ರಿಂಗ್ ರಸ್ತೆಯಲ್ಲಿ ಸಿಕ್ಕಿಕೊಂಡ ಮಗು ಇದು ಯಾರ ತಪ್ಪೂ ಅಲ್ಲ ಎಂದರೆ ನಾನು ಒಪ್ಪುವುದಿಲ್ಲ. ಅಗೆದು ಹಾಗೇ ಬಿಟ್ಟ ರಸ್ತೆ ಇದೆ, ನೀರು ನಿಂತ ಅಂಡರ್‌ಪಾಸ್ ಇದೆ, ಅವುಗಳ ಹಿಂದೆ ಆಫೀಸು, ಟೆಂಡರು, ಸಹಿ ಇವೆ. ರಾಡಾರಿನ ಹಿಂದಿನ ಜಾಮ್ ಕೂಡ ನಿಜವಾದ ಜಾಮೇ, ಹುಡುಗರ ಮೊದಲ ವಿವರಣೆ ತಪ್ಪಾಗಿರಲಿಲ್ಲ. ಅದೂ ಅಲ್ಲದೆ ಅವರ ರಸ್ತೆಯಲ್ಲಿ ಒಂದೇ ಲೇನು, ಒಂದೇ ಬಗೆಯ ವಾಹನ. ಬೈಕು, ಆಟೋ, ಬಿಎಂಟಿಸಿ ಬಸ್ಸು ಒಂದರ ಸಂದಿಗೆ ಇನ್ನೊಂದು ನುಗ್ಗುವ ನಮ್ಮ ರಸ್ತೆಗೆ ಆ ಎರಡು ನಿಯಮ ಸಾಲದು. ಮಗು ಕಲಿಯಬೇಕಾದದ್ದು ಎರಡೂ ಬಗೆಯ ವಿವರಣೆಯನ್ನು ಕೈಯಲ್ಲಿಟ್ಟುಕೊಂಡು, ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದು ಕೇಳಿಕೊಳ್ಳುವುದನ್ನು. ಮೇಷ್ಟ್ರಾದವರು ಪಕ್ಕದಲ್ಲಿ ಇದ್ದು ಪ್ರಶ್ನೆ ಕೇಳದಿದ್ದರೆ ಬರೀ ಪರದೆಯಿಂದ ಅದು ಬಾರದು. ಆ ದಿನ ರಾಡಾರ್ ತೆಗೆದರೆ ಏನಾಗುತ್ತದೆ ಎಂದು ಕೇಳಿದ್ದು ಕಂಪ್ಯೂಟರ್ ಅಲ್ಲ, ರೆಸ್ನಿಕ್.

ನಮ್ಮ ತರಗತಿಯಲ್ಲಿ

ಸ್ಟಾರ್‌ಲೋಗೋದ ಮುಂದಿನ ಪೀಳಿಗೆ ಎನ್ನಬಹುದಾದ ನೆಟ್‌ಲೋಗೋವನ್ನು ವಿಲೆನ್ಸ್ಕಿ 1999ರಲ್ಲಿ ಹೊರತಂದರು. ಉಚಿತವಾಗಿ ಸಿಗುತ್ತದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಅದರ ಜೊತೆಗೇ ಬರುವ ಮಾದರಿಗಳಲ್ಲಿ ಈ ಹುಡುಗರ ರಸ್ತೆಯಂಥದ್ದೇ ಒಂದು ಇದೆ, ಟ್ರಾಫಿಕ್ ಬೇಸಿಕ್ ಎಂದು ಹೆಸರು. ಒಂದು ಕಾರು ಕೆಂಪಗಿದೆ, ನಮ್ಮ ಗುಲಗಂಜಿಯ ಹಾಗೆ. ಕಾರುಗಳ ಸಂಖ್ಯೆ, ವೇಗ ಏರುವ ಪ್ರಮಾಣ, ಇಳಿಯುವ ಪ್ರಮಾಣ ಮೂರನ್ನೂ ಬೇಕಾದಂತೆ ಸರಿಸಬಹುದು, ಒಳಗಿನ ನಿಯಮಗಳನ್ನು ತೆರೆದು ಓದಬಹುದು, ಬದಲಿಸಲೂಬಹುದು. ಹೈಸ್ಕೂಲಿನ ಲ್ಯಾಬಿನಲ್ಲಿ ಎರಡು ಕಂಪ್ಯೂಟರ್ ನಡೆಯುತ್ತಿದ್ದರೂ ಸಾಕು, ಯಾಕೆಂದರೆ ಮಕ್ಕಳು ಒಬ್ಬೊಬ್ಬರೇ ಕೂರುವುದಕ್ಕಿಂತ ಇಬ್ಬಿಬ್ಬರು ಕೂತು ವಾದಿಸುವುದು ಒಳ್ಳೆಯದು. ನಿಯಮಗಳ ಭಾಷೆ ಇಂಗ್ಲಿಷಿನದು ಎಂಬುದು ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ತೊಡಕು. ಮೇಷ್ಟ್ರು ನಿಯಮಗಳನ್ನು ಮೊದಲು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿ, ಆಮೇಲೆ ಒಟ್ಟಿಗೆ ಕೂತು ಅಲ್ಲಿನ ಪದಗಳಿಗೆ ಇಳಿಸಿದರೆ ದಾಟಬಹುದು.

ಕಂಪ್ಯೂಟರಿಗೂ ಮೊದಲು ಅಳಗುಳಿಮಣೆ ಇಡುವುದು ನನ್ನ ಸಲಹೆ. ಎಂಟು ಕಾಯಿಯ ಜಾಮ್ ಒಂದು ಸುತ್ತು ಮಣೆ ಬಳಸಿ ಬರಲಿ. ಆಮೇಲೆ ಮಕ್ಕಳನ್ನು ಕೇಳಿ: ಒಂದೇ ಒಂದು ಕಾಯಿ ತೆಗೆಯಬಹುದು, ಜಾಮ್ ಹೋಗಬೇಕಾದರೆ ಯಾವುದನ್ನು ತೆಗೆಯಬೇಕು? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಸಿ. ಬಹಳಷ್ಟು ಬೆರಳುಗಳು ಅಂಟಿಕೊಂಡ ಮೂರರ ಕಡೆಗೆ ಹೋಗಬಹುದು. 3ನೇ ಕುಳಿಯದನ್ನು ತೆಗೆದು ನಡೆಸಿದರೆ ಆರನೇ ಸುತ್ತಿಗೆ ಜಾಮ್ ಮಾಯವಾಗಿ, ಒಂದು ಬಿಟ್ಟು ಒಂದು ಕುಳಿಯಲ್ಲಿ ಕಾಯಿಗಳು ಸರಾಗ ಓಡುತ್ತವೆ. ಕಳ್ಳ ಸಿಕ್ಕಿಬಿದ್ದ ಎಂಬ ಖುಷಿ ಒಂದು ಗಳಿಗೆ ಇರಲಿ. ಆಮೇಲೆ ಎಂಟನ್ನೂ ಮೊದಲಿನಂತೆ ಇಟ್ಟು, ಜಾಮ್‌ನಿಂದ ಬಲು ದೂರ ಒಂಟಿಯಾಗಿ ಸಾಗುತ್ತಿರುವ 9ನೇ ಕುಳಿಯದನ್ನು ತೆಗೆದು ನಡೆಸಲು ಹೇಳಿ. ನಾಲ್ಕನೇ ಸುತ್ತಿಗೇ ಎಲ್ಲ ಬಿಡುಗಡೆಯಾಗುತ್ತವೆ.